ಐವತ್ತರ ಫ್ರೋಡೊ, ಹನ್ನೆರಡರ ಲೈರಾ

ಜುಲೈ ತಿಂಗಳಲ್ಲಿ ನಮ್ಮ ಕಡೆ ಪುಸ್ತಕ ಓದುವ ಮೊದಲು ಅದನ್ನು ಒಣಗಿಸಬೇಕು. ಕೊಡಗಿನ ಚೇರಂಬಾಣೆಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ನಮ್ಮ ತೋಟ. ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಬೆಲ್ಟು, ಚಪ್ಪಲಿ, ಕಾದಂಬರಿ, ಎಲ್ಲಕ್ಕೂ ಬೂಷ್ಟು. ಅಡುಗೆಮನೆಯ ಒಲೆ ಮೇಲಿನ ಅಟ್ಟದಲ್ಲಿ ಒಂದು ಕಡೆ ಒಣಮೀನಿನ ಬುಟ್ಟಿ, ಇನ್ನೊಂದು ಕಡೆ ನನ್ನ ಪುಸ್ತಕಗಳು. ಎರಡರಲ್ಲಿ ಯಾವುದರ ವಾಸನೆ ಜಾಸ್ತಿ ಎಂಬುದು ನನಗೂ ಹೆಂಡತಿಗೂ ಇರುವ ಹಳೇ ಜಗಳ.

ಈ ವರ್ಷ ನನ್ನ ಸೋದರ ಸೊಸೆ, ಅಕ್ಕನ ಮಗಳೂ ನಮ್ಮ ಜೊತೆ ಇದ್ದಾಳೆ. ಹತ್ತನೇ ಕ್ಲಾಸು. ಮಳೆ ರಜೆ ಕೊಟ್ಟರೆ ಅವಳಿಗೆ ಶಾಲೆ ಇಲ್ಲ, ನನಗೆ ತೋಟದ ಕೆಲಸ ಇಲ್ಲ, ಇಬ್ಬರಿಗೂ ಕರೆಂಟ್ ಇಲ್ಲ. ಅವಳು ಓದುವುದು ಯಂಗ್ ಅಡಲ್ಟ್ ಫ್ಯಾಂಟಸಿ, ಹದಿಹರೆಯದವರಿಗೆಂದು ಬರೆದ ಮಾಯಾಲೋಕದ ಕಥೆಗಳು. ನಾನು ಇಡೀ ಒಂದು ಲೋಕವನ್ನೇ ಕಟ್ಟಿ ನಿಲ್ಲಿಸುವ, ಇಟ್ಟಿಗೆ ಗಾತ್ರದ ಎಪಿಕ್ ಫ್ಯಾಂಟಸಿಯವನು.

"ನಿಮ್ಮ ಪುಸ್ತಕದಲ್ಲಿ ಐವತ್ತು ಪೇಜ್ ಆದ್ರೂ ಯಾರೂ ಮನೆ ಬಿಟ್ಟು ಹೊರಡಲ್ಲ ಮಾವ" ಎಂದಳು.

"ನಿನ್ನದರಲ್ಲಿ ಐವತ್ತು ಪೇಜಿಗೆ ಲೋಕವೇ ಮುಳುಗಿರುತ್ತೆ" ಎಂದೆ.

ಸರಿ, ಅದಲು ಬದಲು ಮಾಡಿಕೊಂಡೆವು. ಅವಳು ಎರಡು ಕೊಟ್ಟಳು, ನಾನು ಮೂರು. ಇನ್ನೊಂದು ಪುಸ್ತಕ ಯಾರ ರಾಶಿಗೆ ಸೇರಬೇಕು ಎಂದು ಇನ್ನೂ ತೀರ್ಮಾನ ಆಗಿಲ್ಲ. ನಿಯಮ ಒಂದೇ: ನೂರು ಪುಟ ಆಗುವ ತನಕ ಕೆಳಗಿಡುವಂತಿಲ್ಲ.

ನಾನು ಮೊದಲು ಕೊಟ್ಟದ್ದು ಟೋಲ್ಕಿನ್‌ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’. 1954-55ರಲ್ಲಿ ಮೂರು ಸಂಪುಟವಾಗಿ ಬಂದದ್ದು. ಬರೆದವನ ಲೆಕ್ಕದಲ್ಲಿ ಅದು ಒಂದೇ ಪುಸ್ತಕ. ಮಹಾಯುದ್ಧ ಮುಗಿದ ಕಾಲ, ಕಾಗದ ದುಬಾರಿ, ಹಾಗಾಗಿ ಪ್ರಕಾಶಕರು ಮೂರು ಹೋಳು ಮಾಡಿದರು. ನನಗಂತೂ ಅದು ಒಳ್ಳೆಯದೇ ಆಯಿತು. ನನ್ನ ಹತ್ತಿರ ಇರುವುದು ಬಿಡಿ ಸಂಪುಟಗಳು, ಒಂದು ಒಣಗುವಾಗ ಇನ್ನೊಂದನ್ನು ಓದಬಹುದು.

ಅವಳು ಶುರುವಿನಲ್ಲೇ ಎರಡು ಸಲ ನಿದ್ದೆ ಹೋದಳು. ತಪ್ಪು ಅವಳದ್ದಲ್ಲ. ಕಥೆ ತೊಡಗುವ ಮೊದಲೇ ಕುಳ್ಳ ಜನರಾದ ಹಾಬಿಟ್‌ಗಳು ಯಾರು, ಎಂಥ ಬಿಲದಲ್ಲಿ ಇರುತ್ತಾರೆ, ಹೊಗೆಸೊಪ್ಪು ಅವರಿಗೆ ಎಲ್ಲಿಂದ ಬಂತು ಎಂದು ಉದ್ದದ ಪೀಠಿಕೆ ಇದೆ. ನಾನು ವಕೀಲಿಕೆಗೆ ಇಳಿದೆ. ನೆರೆಮನೆಯ ಕೊಡವರ ಮದುವೆಯಲ್ಲಿ ದುಡಿ ಬಡಿಯುತ್ತಾ ನಾಲ್ವರು ಹಾಡುವುದನ್ನು ಕೇಳಿದ್ದೀಯಲ್ಲ, ಅವರು ನೇರ ವಿಷಯಕ್ಕೆ ಬರುತ್ತಾರಾ? ಮೊದಲು ದೇವರು, ಆಮೇಲೆ ನಾಡು, ಆಮೇಲೆ ಮನೆತನ. ಹಾಡುವವರಿಗೂ ಅವಸರ ಇಲ್ಲ, ಕೇಳುವವರಿಗೂ ಇಲ್ಲ. ಎಪಿಕ್ ಅಂದರೆ ಹಾಗೆ, ಮೊದಲು ನೆಲ ತೋರಿಸುತ್ತದೆ, ಆಮೇಲೆ ಮನುಷ್ಯರನ್ನು.

"ಅಲ್ಲಿ ಊಟ ಇರುತ್ತೆ ಮಾವ" ಎಂದಳು. ನಾನು ಸುಮ್ಮನಾದೆ.

ಅವಳನ್ನು ನಿಜವಾಗಿ ಎಬ್ಬಿಸಿದ್ದು ಕಥಾನಾಯಕ ಫ್ರೋಡೊನ ವಯಸ್ಸು. ಇಡೀ ಕಥೆಗೆ ಕಾರಣವಾದ ಮಾಯದ ಉಂಗುರ ಅವನ ಕೈಗೆ ಬಂದಾಗ 33. ಹಾಬಿಟ್‌ಗಳಲ್ಲಿ ಪ್ರಾಯಕ್ಕೆ ಬರುವುದೇ ಆಗ. ಅದನ್ನು ಹಿಡಿದುಕೊಂಡು ಊರು ಬಿಟ್ಟು ಹೊರಡುವಾಗ 50. ಸಿನಿಮಾದಲ್ಲಿ ಅವಳು ನೋಡಿದ್ದು ಚಿಗುರು ಮೀಸೆಯೂ ಇಲ್ಲದ ಹುಡುಗನನ್ನು. "ಮಧ್ಯೆ ಹದಿನೇಳು ವರ್ಷ ಏನ್ ಮಾಡ್ತಿದ್ದ?" ಎಂದು ಕೇಳಿದಳು. ಮನೆಯಲ್ಲಿದ್ದ, ನಡೆದಾಡುತ್ತಿದ್ದ, ತನ್ನ ಪಾಡಿಗೆ ಇದ್ದ. ನನಗೆ ಈಗ 47. ಇಪ್ಪತ್ತರಲ್ಲಿ ಇದೇ ಪುಸ್ತಕ ಓದಿದಾಗ ಈ ಲೆಕ್ಕ ಕಣ್ಣಿಗೇ ಬಿದ್ದಿರಲಿಲ್ಲ. ಈಗ ಬಿತ್ತು. ಇನ್ನೂ ಮೂರು ವರ್ಷ ಟೈಮ್ ಇದೆ ಅಂತ ಸ್ವಲ್ಪ ಖುಷಿಯೂ ಆಯಿತು.

ಇನ್ನು ಅವಳು ಕೊಟ್ಟದ್ದು. ಫಿಲಿಪ್ ಪುಲ್‌ಮನ್‌ನ ‘ನಾರ್ದರ್ನ್ ಲೈಟ್ಸ್’, 1995ರದ್ದು. ಅಮೆರಿಕದಲ್ಲಿ ಇದೇ ಪುಸ್ತಕ ‘ದಿ ಗೋಲ್ಡನ್ ಕಂಪಾಸ್’. ನಾನು ಇದನ್ನು ಮಕ್ಕಳ ಪುಸ್ತಕ ಎಂದುಕೊಂಡು ಅಸಡ್ಡೆಯಿಂದ ತೆರೆದೆ. ಇಲ್ಲಿ ಪೀಠಿಕೆ ಇಲ್ಲ, ನಾಡಿನ ವರ್ಣನೆ ಇಲ್ಲ. ಲೈರಾ ಎಂಬ ಹುಡುಗಿ ಕಾಲೇಜಿನ ಊಟದ ಹಜಾರದ ಕತ್ತಲಲ್ಲಿ ಕದ್ದು ನಡೆಯುತ್ತಿದ್ದಾಳೆ, ಜೊತೆಗೆ ಅವಳ ಡೀಮನ್. ಡೀಮನ್ ಅಂದರೆ ಏನು? ಹೇಳುವುದೇ ಇಲ್ಲ. ಅವಳು ಕುರ್ಚಿಯ ಹಿಂದೆ ಅವಿತುಕೊಂಡು, ಒಬ್ಬರು ಇನ್ನೊಬ್ಬರ ವೈನಿಗೆ ವಿಷ ಬೆರೆಸುವುದನ್ನು ನೋಡುವ ಹೊತ್ತಿಗೆ ನಮಗೆ ಅದು ತಾನಾಗಿಯೇ ಗೊತ್ತಾಗಿರುತ್ತದೆ. ಮನುಷ್ಯನ ಜೀವದ ಒಂದು ಪಾಲು ಪ್ರಾಣಿಯಾಗಿ ಹೊರಗೇ ಓಡಾಡಿಕೊಂಡಿರುವುದು, ಅದೇ ಡೀಮನ್. ಮಕ್ಕಳ ಡೀಮನ್ ಗಳಿಗೆಗೊಂದು ರೂಪ ತಾಳುತ್ತದೆ, ಪತಂಗ, ಬೆಕ್ಕು, ಇಲಿ. ದೊಡ್ಡವರಾದ ಮೇಲೆ ಒಂದೇ ರೂಪಕ್ಕೆ ನಿಲ್ಲುತ್ತದೆ.

ಇಡೀ ಯಂಗ್ ಅಡಲ್ಟ್ ಎಂಬ ಜಾತಿಯೇ ಈ ಒಂದು ಉಪಾಯದಲ್ಲಿ ಅಡಗಿದೆ ಎಂದು ನನಗೆ ಅನಿಸಿತು. ಹದಿನೈದು ವರ್ಷದವರಿಗೆ ಇರುವ ದೊಡ್ಡ ಗಾಬರಿ ಯಾವುದು? ನಾನು ಕೊನೆಗೆ ಏನಾಗಿ ನಿಲ್ಲುತ್ತೇನೆ ಎಂಬುದೇ ಅಲ್ವಾ? ನನ್ನ ವಯಸ್ಸಿನವರು ಆಗಲೇ ನಿಂತಾಗಿದೆ. ನನ್ನ ಡೀಮನ್ ಏನಿರಬಹುದು ಎಂದು ಸೊಸೆಯನ್ನು ಕೇಳಿದೆ. ಯೋಚನೆಯನ್ನೂ ಮಾಡದೆ "ಎಮ್ಮೆ" ಎಂದಳು.

ಆ ಪುಸ್ತಕದ ಮಧ್ಯದಲ್ಲಿ ಒಂದು ಕಡೆ ಲೈರಾ ಉತ್ತರದ ಹಿಮದಲ್ಲಿ, ಕವಚ ತೊಟ್ಟ ಕರಡಿಯ ಮೇಲೆ ಕೂತು ಒಂದು ಹಳ್ಳಿಗೆ ಹೋಗುತ್ತಾಳೆ. ಅಲ್ಲೊಂದು ಮೀನು ಒಣಗಿಸುವ ಕೊಟ್ಟಿಗೆ. ಒಳಗೆ ಒಬ್ಬ ಪುಟ್ಟ ಹುಡುಗ. ಅವನ ಡೀಮನ್ನನ್ನು ಯಾರೋ ಕತ್ತರಿಸಿ ಬೇರೆ ಮಾಡಿದ್ದಾರೆ. ಅದು ಇರಬೇಕಾದ ಜಾಗದಲ್ಲಿ ಅವನು ಒಂದು ಒಣಮೀನನ್ನು ಎದೆಗೆ ಅವಚಿಕೊಂಡು ಕೂತಿದ್ದಾನೆ.

ನಾನು ಇದನ್ನು ಓದಿದ್ದು ಸಂಜೆ ಏಳು ಗಂಟೆಗೆ, ಎಮರ್ಜೆನ್ಸಿ ಲ್ಯಾಂಪಿನ ಬೆಳಕಿನಲ್ಲಿ. ಅಡುಗೆಮನೆಯಲ್ಲಿ ಹೆಂಡತಿ ಕೆಂಡದ ಮೇಲೆ ಒಣಮೀನು ಸುಡುತ್ತಿದ್ದಳು. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಗಂಜಿ ಜೊತೆ ಅದು ಇಲ್ಲದೆ ಆಗುವುದಿಲ್ಲ. ಆ ರಾತ್ರಿ ನನಗೆ ಮುಟ್ಟಲು ಆಗಲಿಲ್ಲ. ಮುಂದೆ ಆ ಹುಡುಗ ಸಾಯುತ್ತಾನೆ, ಅವನ ಕೈಯ ಮೀನನ್ನು ಯಾರೋ ತೆಗೆದುಬಿಡುತ್ತಾರೆ, ಲೈರಾ ಸಿಟ್ಟಿನಿಂದ ಉರಿದು ಬೀಳುತ್ತಾಳೆ. ಮೂವತ್ತು ವರ್ಷದಿಂದ ನಾನು ಓದಿದ ಯಾವ ಎಪಿಕ್ ಯುದ್ಧದಲ್ಲೂ, ಹತ್ತು ಸಾವಿರ ಜನ ಸತ್ತಾಗಲೂ, ನನ್ನ ಊಟ ಹೀಗೆ ಕೆಟ್ಟಿರಲಿಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು.

ಅವಳ ಎರಡನೆಯ ಪುಸ್ತಕ ಟೋಮಿ ಅಡೆಯೆಮಿಯ ‘ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್’, 2018ರದ್ದು. ಒರಿಶಾ ಎಂಬ ನಾಡು, ಮಂತ್ರಗಳೆಲ್ಲ ಯೊರುಬಾ ಭಾಷೆಯಲ್ಲಿ. ರಾಜ ಮಾಂತ್ರಿಕರನ್ನೆಲ್ಲ ಕೊಲ್ಲಿಸಿದ್ದಾನೆ. ತಾಯಿಯನ್ನು ಕಳೆದುಕೊಂಡ, ಬಿಳಿ ಕೂದಲಿನ ಜೆಲೀ ಎಂಬ ಹುಡುಗಿ ಮಾಯೆಯನ್ನು ವಾಪಸ್ ತರಲು ಹೊರಡುತ್ತಾಳೆ. ಓಟ ಅಂದರೆ ಓಟ. ಎಲ್ಲ ವರ್ತಮಾನದಲ್ಲೇ ನಡೆಯುತ್ತದೆ, ಓದುವವನಿಗೆ ಉಸಿರಾಡಲು ಪುರುಸೊತ್ತಿಲ್ಲ. ಕೋಪ ನಿಜವಾದದ್ದು, ಅದು ತಟ್ಟಿತು. ಆದರೆ ಶತ್ರುವಿನ ಮಗನ ಮೇಲೆ ಅವಳಿಗೆ ಪ್ರೀತಿ ಹುಟ್ಟುವ ವೇಗ ನನಗೆ ಜೀರ್ಣವಾಗಲಿಲ್ಲ. ಮೊನ್ನೆ ಕೊಲ್ಲಲು ಬಂದವನು ಇವತ್ತು ಹತ್ತಿರದವನು. "ಪ್ರೀತಿ ಹಾಗೇ ಆಗೋದು" ಎಂದಳು ನನ್ನ ಸೊಸೆ. ಅವಳಿಗೆ ಹೇಗೆ ಗೊತ್ತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಈಗ ನನ್ನ ಸೋಲಿನ ವಿಷಯ. ರಾಬರ್ಟ್ ಜೋರ್ಡನ್‌ನ ‘ದಿ ವೀಲ್ ಆಫ್ ಟೈಮ್’. ಮೊದಲ ಸಂಪುಟ 1990, ಹದಿನಾಲ್ಕನೆಯದು 2013. ನಡುವೆ 2007ರಲ್ಲಿ ಲೇಖಕರೇ ತೀರಿಕೊಂಡರು, ಕೊನೆಯ ಮೂರನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದು ಮುಗಿಸಿದರು. ಸೊಸೆ ನೂರು ಪುಟ ಎಂಬ ನಿಯಮ ಪಾಲಿಸಿ, ಇನ್ನೂ ನೂರು ಧಾರಾಳವಾಗಿ ಓದಿ, ಕೆಳಗಿಟ್ಟಳು. ನೈನೀವ್ ಎಂಬ ಹೆಂಗಸು ಸಿಟ್ಟು ಬಂದಾಗಲೆಲ್ಲ ತನ್ನ ಜಡೆ ಎಳೆದುಕೊಳ್ಳುತ್ತಾಳೆ. "ನೀವು ಓದಿದಷ್ಟರಲ್ಲಿ ಜಡೆ ಪೂರ್ತಿ ಕಿತ್ತು ಬಂದಿರ್ಬೇಕಲ್ಲ" ಎಂದಳು. ನಾನೇ ಎಂಟನೆಯ ಸಂಪುಟದಲ್ಲಿ ನಿಂತವನು, ಏನು ವಾದ ಮಾಡಲಿ? ನಾಲ್ಕು ದಿನ ತೋಟದ ಕೆಲಸ ಬಂದು ಪುಸ್ತಕ ಬಿಟ್ಟರೆ ಸಾಕು, ಯಾರು ಯಾರ ಕಡೆ ಎಂದು ಪುಸ್ತಕದ ಕೊನೆಯ ಪುಟಗಳ ಪಟ್ಟಿ ಹುಡುಕಬೇಕು. ಟೋಲ್ಕಿನ್‌ನಲ್ಲಿ ಆ ಕಷ್ಟ ಇಲ್ಲ. ವಾರ ಬಿಟ್ಟು ತೆರೆದರೂ ಅವರು ಇನ್ನೂ ನಡೆಯುತ್ತಲೇ ಇರುತ್ತಾರೆ. ಜೆಲೀ ಕಥೆಯಲ್ಲಂತೂ ಅಧ್ಯಾಯದ ತಲೆಯಲ್ಲೇ ಮಾತಾಡುವವರ ಹೆಸರು ಇರುತ್ತದೆ, ಹೊಕ್ಕುವುದು ಬಹಳ ಸುಲಭ.

ಜಾರ್ಜ್ ಮಾರ್ಟಿನ್‌ನ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯನ್ನು ನಾನು ಅವಳಿಗೆ ಕೊಡಲೇ ಇಲ್ಲ. ಅದು ದೊಡ್ಡವರ ಪುಸ್ತಕ, ಕೊಟ್ಟಿದ್ದರೆ ಅಕ್ಕ ನನ್ನನ್ನು ಮನೆಗೆ ಸೇರಿಸುತ್ತಿರಲಿಲ್ಲ. ಅದಲ್ಲದೆ ಅದು ಮುಗಿದೂ ಇಲ್ಲ. ಐದನೆಯ ಸಂಪುಟ ಬಂದದ್ದು 2011ರಲ್ಲಿ. ಆ ವರ್ಷ ಸಿಲ್ವರ್ ಓಕಿಗೆ ಹಬ್ಬಿಸಿದ ಕರಿಮೆಣಸಿನ ಬಳ್ಳಿ ಈಗ ನಮ್ಮ ಏಣಿಗೆ ಎಟುಕುವುದಿಲ್ಲ. ಆರನೆಯದಕ್ಕೆ ಇನ್ನೂ ಕಾಯುತ್ತಿದ್ದೇವೆ.

ಸ್ಯಾಂಡರ್ಸನ್‌ನ ಸ್ವಂತ ಪುಸ್ತಕ ‘ಮಿಸ್ಟ್‌ಬಾರ್ನ್’ (2006) ನನ್ನ ಮಾನ ಉಳಿಸಿತು. ಆಕಾಶದಿಂದ ಬೂದಿ ಬೀಳುವ ಲೋಕ, ಸಾವಿರ ವರ್ಷದಿಂದ ಒಬ್ಬನೇ ದೊರೆ. ವಿನ್ ಎಂಬ ಹದಿನಾರರ ಕಳ್ಳಹುಡುಗಿ. ಲೋಹದ ಪುಡಿ ನುಂಗಿದರೆ ಶಕ್ತಿ: ಉಕ್ಕು ನುಂಗಿದರೆ ಲೋಹದ ವಸ್ತುವನ್ನು ದೂರ ತಳ್ಳಬಹುದು, ಕಬ್ಬಿಣವಾದರೆ ಹತ್ತಿರ ಎಳೆಯಬಹುದು. ಗಣಿತದ ಹಾಗೆ ಲೆಕ್ಕ ಕೂಡುತ್ತದೆ. ಸೊಸೆ ಮೂರು ದಿನದಲ್ಲಿ ಮುಗಿಸಿದಳು. ನನಗೆ ಮಾತ್ರ ಇದು ಎಪಿಕ್ ವೇಷ ಹಾಕಿದ ಯಂಗ್ ಅಡಲ್ಟ್ ಎಂದೇ ಅನುಮಾನ. ಅವಳು ಹೇಳುವುದು ಅದಕ್ಕೇ ಚೆನ್ನಾಗಿದೆ ಎಂದು. ಲೆಕ್ಕ ಅಷ್ಟು ಸರಿ ಕೂಡಿದರೆ ಮಾಯೆ ಎಲ್ಲಿ ಉಳಿಯಿತು ಎಂಬುದು ನನ್ನ ತಕರಾರು.

ಮಾಯೆ ಉಳಿದಿರುವುದು ನಾವಿಬ್ಬರೂ ನನ್ನದು ನನ್ನದು ಎಂದು ಎಳೆದಾಡಿದ ಪುಸ್ತಕದಲ್ಲಿ. ಉರ್ಸುಲಾ ಲೆ ಗ್ವಿನ್‌ರ ‘ಎ ವಿಝರ್ಡ್ ಆಫ್ ಅರ್ತ್‌ಸೀ’, 1968. ದೊಡ್ಡ ಮಕ್ಕಳಿಗೆ ಏನಾದರೂ ಬರೆದುಕೊಡಿ ಎಂದು ಪ್ರಕಾಶಕರು ಕೇಳಿದ್ದಕ್ಕೆ ಬರೆದದ್ದು. ಹಾಗಾಗಿ ಇದು ತನ್ನ ರಾಶಿಯದು ಎಂಬುದು ಅವಳ ವಾದ. ದ್ವೀಪಗಳ ಇಡೀ ಒಂದು ಲೋಕ, ಡ್ರ್ಯಾಗನ್, ಹಳೇ ಹಾಡುಗಳು, ನಕ್ಷೆ ಎಲ್ಲ ಇದೆ, ಹಾಗಾಗಿ ನನ್ನದು. ಇಷ್ಟೆಲ್ಲ ಇನ್ನೂರು ಪುಟದ ಆಸುಪಾಸಿನಲ್ಲಿ! ಜೋರ್ಡನ್‌ನಲ್ಲಿ ಅಷ್ಟಕ್ಕೆ ನೈನೀವ್‌ನ ಜಡೆಯೂ ಮುಗಿಯುವುದಿಲ್ಲ. ತಾಮ್ರದ ಬಣ್ಣದ ಮೈಯ ಗೆಡ್ ಎಂಬ ಆಡು ಕಾಯುವ ಹುಡುಗ ಮಾಂತ್ರಿಕರ ಶಾಲೆಗೆ ಸೇರಿ, ಜಂಬಕ್ಕೆ ಬಿದ್ದು, ಬಿಡಬಾರದ ಒಂದು ನೆರಳನ್ನು ಲೋಕಕ್ಕೆ ಬಿಡುತ್ತಾನೆ. ಅಷ್ಟೇ ಕಥೆ.

ಅಲ್ಲಿ ಪ್ರತಿ ಜೀವಕ್ಕೂ ಒಂದು ನಿಜವಾದ ಹೆಸರಿದೆ. ಅದು ಗೊತ್ತಾದರೆ ಆ ಜೀವ ನಿಮ್ಮ ಕೈಯಲ್ಲಿ. ಅದಕ್ಕೇ ಯಾರೂ ತಮ್ಮ ಹೆಸರನ್ನು ಬಾಯಿ ಬಿಡುವುದಿಲ್ಲ. ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಅಜ್ಜಿ ರಾತ್ರಿ ಹೊತ್ತು ಹಾವನ್ನು ಹಾವು ಎನ್ನುತ್ತಿರಲಿಲ್ಲ, ‘ಹುಳ’ ಎನ್ನುತ್ತಿದ್ದರು. ಹೆಸರು ಹಿಡಿದರೆ ಬಂದುಬಿಡುತ್ತದಂತೆ. ಸೊಸೆಗೆ ಇದು ಗೊತ್ತಿರಲಿಲ್ಲ. ಆ ರಾತ್ರಿ ಮಾತು ಅಜ್ಜಿಯ ಕಡೆಗೆ ತಿರುಗಿ, ಪುಸ್ತಕ ಪಕ್ಕಕ್ಕೆ ಹೋಯಿತು. ಗೆಡ್ ಎಲ್ಲ ಕಳೆದುಕೊಂಡು, ಮುಖದಲ್ಲಿ ಗಾಯದ ಗುರುತು ಹೊತ್ತು ನಿಂತಾಗ ಅವನ ಗೆಳೆಯ ಬಂದು, ಏನೂ ಸಮಾಧಾನ ಹೇಳದೆ, ತನ್ನ ನಿಜವಾದ ಹೆಸರನ್ನು ಅವನಿಗೆ ಹೇಳಿಬಿಡುತ್ತಾನೆ. ಆ ಪುಟವನ್ನು ಅವಳು ನನಗೆ ಗಟ್ಟಿಯಾಗಿ ಓದಿ ಹೇಳಿದಳು. ಇಲ್ಲಿ ಮಾತ್ರ ಇಬ್ಬರಿಗೂ ಜಗಳ ಇಲ್ಲ.

ಆದರೂ ಮಳೆಗಾಲಕ್ಕೆ ಒಂದೇ ಇಟ್ಟುಕೋ ಎಂದರೆ ನಾನು ಟೋಲ್ಕಿನ್ ಬಿಡುವುದಿಲ್ಲ. ಕಾರಣ ಯುದ್ಧಗಳಲ್ಲ. ಕೊನೆಯಲ್ಲಿ, ಎಲ್ಲ ಗೆದ್ದ ಮೇಲೆ, ಫ್ರೋಡೊ ಮತ್ತು ಅವನ ಜೊತೆಗಾರರು ಊರಿಗೆ ಬಂದು ನೋಡಿದರೆ ಮರಗಳನ್ನೆಲ್ಲ ಕಡಿದು ಹಾಕಿದ್ದಾರೆ. ಇದು ಸಿನಿಮಾದಲ್ಲಿ ಇಲ್ಲ. ಫ್ರೋಡೊನ ಜೊತೆ ಹೋಗಿದ್ದ ಸ್ಯಾಮ್ ತೋಟದ ಕೆಲಸದವನು. ಅವನಿಗೆ ಉಡುಗೊರೆಯಾಗಿ ಸಿಕ್ಕ ಪುಟ್ಟ ಡಬ್ಬಿಯಲ್ಲಿ ಒಂದಿಷ್ಟು ಮಣ್ಣಿದೆ. ಅವನು ಊರೆಲ್ಲ ಸಸಿ ನೆಟ್ಟು, ಒಂದೊಂದರ ಬುಡಕ್ಕೂ ಅದರ ಒಂದೊಂದು ಕಣ ಹಾಕುತ್ತಾ ಹೋಗುತ್ತಾನೆ. 2018ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯಲ್ಲಿ ಗುಡ್ಡಗಳು ಕುಸಿದವು. ಆ ಮೇಲೆ ಪರಿಚಯದವರ ತೋಟಕ್ಕೆ ಹೋಗಿದ್ದೆ. ಕಾಫಿ ಗಿಡ ಇದ್ದ ಜಾಗದಲ್ಲಿ ಕೆಂಪು ಮಣ್ಣು, ಬಂಡೆ. ಅವರು ಮರುವರ್ಷ ಅಂಚಿನಲ್ಲಿ ಹತ್ತು ಸಸಿ ನೆಟ್ಟರು, ಹತ್ತೇ. ಆಮೇಲೆ ನಾನು ಸ್ಯಾಮ್‌ನ ಅಧ್ಯಾಯ ಓದುವುದು ಬೇರೆ ಥರ ಆಗಿದೆ. ಲೈರಾಳ ಒಣಮೀನು ಒಂದೇ ಏಟಿಗೆ ಹೊಡೆಯಿತು. ಸ್ಯಾಮ್‌ನ ಮಣ್ಣು ತಟ್ಟಬೇಕಾದರೆ ಮೊದಲು ಸಾವಿರ ಪುಟ ಆ ನೆಲದ ಮೇಲೆ ನಡೆದಿರಬೇಕು. ಸೊಸೆಗೆ ಇದನ್ನು ಹೇಳಲಿಲ್ಲ. ಅವಳು ಇನ್ನೂ ಅಲ್ಲಿಗೆ ಬಂದಿಲ್ಲ.

ಹೌದು, ಬರುತ್ತಿದ್ದಾಳೆ. ಮಳೆಗಾಲದ ಆಟಿ ತಿಂಗಳ 18ರ ದಿನ, ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ ತಿನ್ನುತ್ತಾ, "ಎರಡನೇದು ಮುಗೀತು, ಮೂರನೇದು ಕೊಡಿ" ಎಂದಳು. ನಿದ್ದೆ ಬಂದ ಪೀಠಿಕೆಯನ್ನು ಹಾರಿಸಿ ಓದಿದಳಂತೆ. ಹಾಗೂ ಓದಬಹುದು ಎಂದು ಇಷ್ಟು ವರ್ಷ ನನಗೇ ಹೊಳೆದಿರಲಿಲ್ಲ. ಮೂರನೆಯ ಸಂಪುಟ ಈಗ ಎರಡು ಪ್ಲಾಸ್ಟಿಕ್ ಕವರಿನ ಒಳಗೆ ಅವಳ ಸ್ಕೂಲ್ ಬ್ಯಾಗಿನಲ್ಲಿದೆ.

ನಾನು ಲೈರಾಳ ಮುಂದಿನ ಭಾಗ ‘ದಿ ಸಟಲ್ ನೈಫ್’ ತರಿಸಿದ್ದೇನೆ. ದಾರಿಗೆ ಮರ ಬಿದ್ದಿದೆ, ಪಾರ್ಸೆಲ್ ಮಡಿಕೇರಿಯಲ್ಲೇ ಕೂತಿದೆ. ಬರುವಷ್ಟರಲ್ಲಿ ಒದ್ದೆಯಾಗಿರುತ್ತದೆ, ಅದು ಗ್ಯಾರಂಟಿ. ಒಣಮೀನಿನ ಬುಟ್ಟಿಯನ್ನು ಆ ಕಡೆ ಸರಿಸಿ ಅಟ್ಟದಲ್ಲಿ ಜಾಗ ಮಾಡಿಟ್ಟಿದ್ದೇನೆ.