ಉಪಗ್ರಹದ ಬೆಂಕಿ ಸಂದೇಶ: ಶಿರಸಿಯ ವೈರ್‌ಲೆಸ್ ಸೆಟ್ಟಿನ ಮುಂದಿನಿಂದ ಒಂದು ವಿಮರ್ಶೆ

ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು ಉಪಗ್ರಹಗಳ ನೆರವಿನಿಂದ ಕಾಡ್ಗಿಚ್ಚನ್ನು ಗುರುತಿಸುವ ಕೆಲಸವನ್ನು 2004ರಿಂದ ನಡೆಸುತ್ತಿದ್ದು, ಬೆಂಕಿಯ ಸ್ಥಳವನ್ನು ತಿಳಿಸುವ ಮೊಬೈಲ್ ಸಂದೇಶವನ್ನು ಅರಣ್ಯ ಸಿಬ್ಬಂದಿಗಷ್ಟೇ ಅಲ್ಲದೆ ನೋಂದಾಯಿಸಿಕೊಂಡ ಸಾರ್ವಜನಿಕರಿಗೂ ಕಳುಹಿಸುತ್ತದೆ. ಬೇಸಿಗೆಯಲ್ಲಿ ಶಿರಸಿ ಭಾಗದ ವೈರ್‌ಲೆಸ್ ಸೆಟ್ಟಿನ ಮುಂದೆ ಕುಳಿತು ಈ ಸಂದೇಶಗಳನ್ನು ಕಾಡಿನಲ್ಲಿರುವ ಬೆಂಕಿ ಕಾವಲುಗಾರರಿಗೆ ದಾಟಿಸುವ ಹಂಗಾಮಿ ಕೆಲಸ ನನ್ನದಾದ್ದರಿಂದ, ಈ ಸೇವೆ ನಮ್ಮ ಜಿಲ್ಲೆಗೆ ಎಷ್ಟು ಒದಗುತ್ತದೆ ಎಂಬುದನ್ನು ಬರೆಯುತ್ತಿದ್ದೇನೆ.

ಆರಂಭದಲ್ಲಿ ಆಧಾರವಾಗಿದ್ದ, ಉಪಗ್ರಹದಲ್ಲಿ ಕೂರಿಸಿದ ಮೋಡಿಸ್ ಎಂಬ ಸಂವೇದಕದ ಚಿತ್ರದ ಒಂದು ಚುಕ್ಕೆ (ಅದು ಬಿಡಿಯಾಗಿ ಗುರುತಿಸುವ ನೆಲದ ಚೌಕ) ಒಂದು ಚದರ ಕಿಲೋಮೀಟರಿನದು, ಎಂದರೆ ಸುಮಾರು 247 ಎಕರೆ. 2017ರಲ್ಲಿ ಸೇರಿದ ವಿಐಐಆರ್‌ಎಸ್ ಸಂವೇದಕದ ಚುಕ್ಕೆ 375 ಮೀಟರ್ ಚೌಕ, ಸುಮಾರು 35 ಎಕರೆ. ಇದು ದೊಡ್ಡ ಸುಧಾರಣೆ. ಮುಂಡಗೋಡ, ಹಳಿಯಾಳ ಕಡೆಯ ಎಲೆಯುದುರುವ ಸಾಗುವಾನಿ ಕಾಡುಗಳಲ್ಲಿ ನೆಲವು ಬಹುಮಟ್ಟಿಗೆ ಸಮತಟ್ಟಾಗಿದ್ದು ಹೊಗೆಯೂ ದೂರದಿಂದ ಕಾಣುವುದರಿಂದ, ಇಷ್ಟು ನಿಖರತೆ ಧಾರಾಳವಾಗಿ ಸಾಕು.

ಘಟ್ಟದಲ್ಲಿ ಮಾತು ಬೇರೆ. ದೇವಿಮನೆ ಘಟ್ಟದಂಥ ಕಡೆ 35 ಎಕರೆಯೊಳಗೆ ಗುಡ್ಡದ ಎರಡು ಮಗ್ಗುಲೂ ನಡುವಿನ ಹಳ್ಳವೂ ಸೇರಿರಬಹುದು, ಮತ್ತು ಸಂದೇಶದ ಅಕ್ಷಾಂಶ ರೇಖಾಂಶಗಳು ಸೂಚಿಸುವುದು ಆ ಚೌಕದ ನಡುಬಿಂದುವನ್ನು. ಯಾವ ಮಗ್ಗುಲು ಉರಿಯುತ್ತಿದೆ ಎಂದು ತಿಳಿಯದೆ ಹೊರಟ ತಂಡ ಹಳ್ಳದ ಆಚೆ ದಂಡೆಯಲ್ಲಿ ನಿಂತು ಬೆಂಕಿಯನ್ನು ನೋಡಬೇಕಾದೀತು. ಆದ್ದರಿಂದ ಬಿಂದುವನ್ನು ನಕ್ಷೆಯ ಮೇಲಿಟ್ಟು, ಯಾರ ಸೊಪ್ಪಿನಬೆಟ್ಟ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು), ಯಾವ ಹಳ್ಳದ ಎಡದಂಡೆ, ಯಾವ ಬೆಂಕಿರೇಖೆಯಿಂದ (ಬೆಂಕಿ ದಾಟದಂತೆ ತರಗೆಲೆ ತೆಗೆದ ಪಟ್ಟಿಯಿಂದ) ಮೇಲೆ ಎಂದು ಕಾವಲುಗಾರರು ಬಲ್ಲ ಗುರುತುಗಳಲ್ಲಿ ಹೇಳುವುದೇ ನಮ್ಮ ಕೆಲಸದ ತಿರುಳು. ನಮ್ಮ ವೈರ್‌ಲೆಸ್ಸಿನ ವಿಎಚ್‌ಎಫ್ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಗುಡ್ಡದ ಮರೆಗೆ ಇಳಿದವರ ದನಿ ಕೆಲವೊಮ್ಮೆ ಎತ್ತರದ ರಿಪೀಟರಿಗೂ (ಸಂಕೇತವನ್ನು ಹಿಡಿದು ಮುಂದಕ್ಕೆ ಕಳಿಸುವ ಯಂತ್ರಕ್ಕೂ) ತಲುಪುವುದಿಲ್ಲ. ಆಗ ನೆತ್ತಿಯ ಮೇಲೆ ನಿಂತ ಒಬ್ಬರು ಎರಡೂ ಕಡೆಯ ಮಾತನ್ನು ದಾಟಿಸಬೇಕು. ಹೀಗೆ ಬಾಯಿಂದ ಬಾಯಿಗೆ ಹೋಗುವಾಗ ದಶಮಾಂಶದ ಅಂಕಿಗಳು ಅದಲುಬದಲಾಗುತ್ತವೆ. ಬೆಟ್ಟದ ಹೆಸರು ಅಷ್ಟು ಸುಲಭಕ್ಕೆ ಕೆಡುವುದಿಲ್ಲ.

ಸಮಯದ ಮಿತಿಯನ್ನೂ ತಿಳಿದಿರಬೇಕು. ವಿಐಐಆರ್‌ಎಸ್ ಹೊತ್ತ ಸುವೋಮಿ ಎನ್‌ಪಿಪಿ ಉಪಗ್ರಹ ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ನಡುರಾತ್ರಿಯ ನಂತರ, ಸುಮಾರು 1.30ರ ಆಸುಪಾಸಿನಲ್ಲಿ. ಸಂಜೆ ನಾಲ್ಕಕ್ಕೆ ತರಗೆಲೆಗೆ ಹೊತ್ತಿಕೊಂಡ ಬೆಂಕಿ ಅದರ ಕಣ್ಣಿಗೆ ಬೀಳುವ ವೇಳೆಗೆ ಒಂದು ಗುಡ್ಡವನ್ನೇ ದಾಟಿರಬಹುದು. ದಟ್ಟ ಮರಗಳಡಿ ಹರಿದಾಡುವ ಸಣ್ಣ ನೆಲಬೆಂಕಿಯಂತೂ ಕಾಣದೇ ಉಳಿಯಬಹುದು.

ಹಂಗಾಮು ಮುಗಿದು ನಮ್ಮಂಥವರು ಮನೆಗೆ ಹೋದಾಗ, ಯಾವ ಬಿಂದುವಿಗೆ ಯಾವ ಹೆಸರು ಎಂಬ ತಿಳಿವಳಿಕೆಯೂ ನಮ್ಮೊಂದಿಗೇ ಹೊರಟುಹೋಗುತ್ತದೆ. ಪ್ರತಿಯೊಂದು ವಲಯದಲ್ಲಿ ಹಳೆಯ ಕಾವಲುಗಾರರನ್ನು ಕೂರಿಸಿಕೊಂಡು ಸ್ಥಳನಾಮಗಳ ವಹಿಯೊಂದನ್ನು ಬರೆದಿಟ್ಟರೆ, ಈ ಸೇವೆಯ ಬೆಲೆ ಇಮ್ಮಡಿಯಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಟ್ಟವಿರುವ ಅಡಿಕೆ ಬೆಳೆಗಾರರೂ ಗ್ರಾಮ ಅರಣ್ಯ ಸಮಿತಿಗಳವರೂ ಅವಶ್ಯವಾಗಿ ನೋಂದಾಯಿಸಿಕೊಳ್ಳಬೇಕು. ಆದರೆ ಹೊಗೆ ಕಂಡ ಮೇಲೆ ಸಂದೇಶಕ್ಕಾಗಿ ಕಾಯದೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆಮಾಡಿ, ಮೊದಲು ಬೆಟ್ಟದ ಹೆಸರನ್ನೂ ಆಮೇಲೆ ಅಲ್ಲಿಗೆ ಹೋಗುವ ದಾರಿಯನ್ನೂ ಹೇಳಿ.