ಮ್ಯೂನಿಕ್‌ನಲ್ಲಿ ಬಾಡಿಗೆ ಮನೆ ಹುಡುಕ್ತಿದ್ದೀರಾ? ಅಡುಗೆಮನೆ ಯಾರದ್ದು ಅಂತ ಮೊದಲು ಕೇಳಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತೆ. ಆದರೂ ಬರೆಯುತ್ತೇನೆ, ಯಾಕಂದ್ರೆ ನಮ್ಮವರು ವಾರವಾರ ಬೆಂಗಳೂರಿಂದ ಇಲ್ಲಿಗೆ ಬಂದು ಇಳಿಯುತ್ತಿದ್ದಾರೆ. ಎಲ್ಲರೂ ಇದೇ ಜಾಹೀರಾತುಗಳನ್ನೇ ನೋಡುತ್ತಿದ್ದಾರೆ. ಓನರ್‌ದೇ ಆದ ಅಡುಗೆಮನೆಯನ್ನು ಹಳೇ ಬಾಡಿಗೆದಾರ ನನಗೆ 4,000 ಯೂರೋಗೆ ಮಾರಿದ. ಹೌದು, ಮಾರಿದ. ಅವನದ್ದಲ್ಲದ್ದನ್ನು!

ನಮ್ಮೂರಲ್ಲಿ ಹೇಗೆ ಅಂತ ಎಲ್ಲರಿಗೂ ಗೊತ್ತು. ಅಡ್ವಾನ್ಸ್ ಕೊಡ್ತೀವಿ, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, 11 ತಿಂಗಳ ಅಗ್ರಿಮೆಂಟ್, ಬಿಡುವಾಗ ಪೇಂಟಿಂಗ್‌ಗೆ ಅಂತ ಮುರಿದುಕೊಳ್ತಾರೆ. ಜಗಳ ಆಡ್ತೀವಿ. ಆದರೆ ಅಡುಗೆಮನೆ ಕಟ್ಟೆ, ಸಿಂಕ್ ಯಾರದ್ದು ಅಂತ ಯಾರಾದರೂ ಕೇಳ್ತೀವಾ? ಮನೆ ಅಂದ್ರೆ ಅದೂ ಸೇರಿಯೇ ಅಲ್ವಾ?

ಜರ್ಮನಿಯಲ್ಲಿ ಹಾಗಲ್ಲ. ಇಲ್ಲಿ ಎಷ್ಟೋ ಮನೆಗಳು ಅಡುಗೆಮನೆಯೇ ಇಲ್ಲದೆ ಬಾಡಿಗೆಗೆ ಬರುತ್ತವೆ. ಗೋಡೆಯಿಂದ ನಲ್ಲಿ ಪೈಪು, ವೈರು ಹೊರಗೆ ಬಂದಿರುತ್ತೆ, ಅಷ್ಟೇ. ಬಾಡಿಗೆದಾರರೇ ಕಪಾಟು, ಓವನ್, ಸಿಂಕ್ ಕೊಂಡು ಹಾಕಿಸ್ತಾರೆ. ಹೋಗುವಾಗ ಬಿಚ್ಚಿಕೊಂಡು ಹೋಗ್ತಾರೆ, ಇಲ್ಲ ಅಂದ್ರೆ ಮುಂದೆ ಬರುವವರಿಗೆ ಮಾರ್ತಾರೆ. ಆ ಮಾರುವ ದುಡ್ಡಿಗೆ 'ಆಬ್ಲೋಸೆ' ಅಂತಾರೆ. ಇದು ಕಾನೂನಿಗೆ ವಿರುದ್ಧ ಏನಲ್ಲ. ಮೋಸ ಮಾಡೋರಿಗೆ ಜಾಗ ಸಿಗೋದೇ ಇಲ್ಲಿ.

ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: 2 ತ್ಸಿಮ್ಮರ್, ಇಬಿಕೆ, ಕಾಲ್ಟ್ 1,280, ಆಬ್ಲೋಸೆ ಮಾತಾಡಬಹುದು. 2 ತ್ಸಿಮ್ಮರ್ ಅಂದ್ರೆ ಟೂ ಬಿಎಚ್‌ಕೆ ಅಂದುಕೊಂಡು ಯಾರೂ ಖುಷಿಪಡಬೇಡಿ. ತ್ಸಿಮ್ಮರ್ ಅಂದ್ರೆ ಕೋಣೆ, ಹಾಲ್ ಕೂಡ ಸೇರಿಯೇ ಎರಡು. ಕಾಲ್ಟ್ ಅಂದ್ರೆ ಬರೀ ಬಾಡಿಗೆ. ಹೀಟಿಂಗ್, ನೀರು, ಕಸ ಎಲ್ಲ ಸೇರಿದ್ರೆ ವಾರ್ಮ್. ಕರೆಂಟು, ಇಂಟರ್ನೆಟ್ ಅದರ ಮೇಲೆ. ಟಿವಿಯೇ ಇಲ್ಲದಿದ್ರೂ ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ರೇಡಿಯೋ ಟಿವಿ ಶುಲ್ಕ ಬೇರೆ. (ಅದರ ಬಗ್ಗೆ ಕೋಪ ಇನ್ನೊಂದು ದಿನ.) ಇದೆಲ್ಲ ನನಗೆ ಗೊತ್ತಿತ್ತು. ಇಬಿಕೆ ಅಂದ್ರೆ ಗೋಡೆಗೆ ಜೋಡಿಸಿದ ಅಡುಗೆಮನೆ, ಅದೂ ಗೊತ್ತಿತ್ತು. ಅದು ಯಾರದ್ದು ಅಂತ ಮಾತ್ರ ಜಾಹೀರಾತಿನಲ್ಲಿ ಇರಲಿಲ್ಲ.

ಮನೆ ನೋಡೋಕೆ ಹೋದಾಗ ಹಳೇ ಬಾಡಿಗೆದಾರ ತುಂಬಾ ಸ್ನೇಹದಿಂದ ಮಾತಾಡಿದ. ಕಾಫಿ ಕೊಟ್ಟ. ಅಡುಗೆಮನೆ 4,000, ಸೋಫಾ, ವಾರ್ಡ್‌ರೋಬ್, ಲೈಟು, ಪರದೆ ಎಲ್ಲ ಸೇರಿ 1,200. 'ನಿಮ್ಮ ಹೆಸರನ್ನೇ ಓನರ್‌ಗೆ ಹೇಳ್ತೀನಿ, ಆದರೆ ಇವತ್ತೇ ಸಹಿ ಹಾಕಿ' ಅಂದ. ಮ್ಯೂನಿಕ್‌ನಲ್ಲಿ ಮನೆ ಸಿಗೋದು ಎಷ್ಟು ಕಷ್ಟ ಅಂತ ಇಲ್ಲಿರೋರಿಗೆ ಹೇಳಬೇಕಾಗಿಲ್ಲ. ನಾನು ಕೇಳಿದೆ, ಸರಿಯಾಗಿಯೇ ಕೇಳಿದೆ: 'ಇದಕ್ಕೆ ಓನರ್ ಒಪ್ಪಿಗೆ ಇದೆಯಾ? ಅಡುಗೆಮನೆ ಪೂರ್ತಿ ನಮ್ಮದಾಗುತ್ತಾ?'

'ಪಾಸ್ಟ್ ಶೋ' ಅಂದ.

ಬವೇರಿಯಾದ ಕಡೆ ಈ ಮಾತು ಎಲ್ಲದಕ್ಕೂ ಬರುತ್ತೆ. ಸರಿ ಇದೆ ಅನ್ನೋಕೂ ಅದೇ, ಪರವಾಗಿಲ್ಲ ಬಿಡಿ ಅನ್ನೋಕೂ ಅದೇ, ಚಿಲ್ಲರೆ ಇಟ್ಕೊಳ್ಳಿ ಅನ್ನೋಕೂ ಅದೇ. ನಾನು 'ಹೌದು' ಅಂತ ಕೇಳಿಸಿಕೊಂಡೆ. ಅವನು 'ಹೌದು' ಅಂದಿರಲೇ ಇಲ್ಲ.

ಕೀ ಕೊಡುವ ದಿನ ಓನರ್ ಪರವಾಗಿ ಮನೆ ನೋಡಿಕೊಳ್ಳುವ ಆಫೀಸಿನಿಂದ ಒಬ್ಬರು ಹೆಂಗಸು ಬಂದರು. ಕೈಯಲ್ಲಿ ಊಬರ್‌ಗಾಬೆ ಪ್ರೊಟೊಕೋಲ್, ಅಂದ್ರೆ ಮನೆ ಒಪ್ಪಿಸುವಾಗ ಏನೇನು ಹೇಗಿದೆ ಅಂತ ಬರೆದುಕೊಳ್ಳುವ ಹಾಳೆ. ಓವನ್ ಆನ್ ಮಾಡಿ ನೋಡಿದರು. ಕಟ್ಟೆಯ ಮೇಲಿನ ಗೀರು ಬರೆದುಕೊಂಡರು. ನಲ್ಲಿ ಸೋರ್ತಿತ್ತು. 'ಪ್ಲಂಬರ್ ಕಳಿಸ್ತೀವಿ, ಖರ್ಚು ನಮ್ಮದು, ಅಡುಗೆಮನೆ ಓನರ್‌ದಲ್ವಾ' ಅಂದರು.

ನಾನು 'ಇಲ್ಲ, ಇದನ್ನು ನಾನು ಕೊಂಡಿದ್ದೇನೆ' ಅಂದೆ.

ಆಕೆ ಬರೆಯೋದು ನಿಲ್ಲಿಸಿ, ತಲೆ ಎತ್ತಿ, 'ಯಾರಿಂದ?' ಅಂತ ಕೇಳಿದರು.

ಆ 'ಯಾರಿಂದ' ಇನ್ನೂ ಕಿವಿಯಲ್ಲಿದೆ. ದುಡ್ಡು ಆಗಲೇ ಹೋಗಿತ್ತು. ಅವನು ಅಲ್ಲೇ, ನನ್ನಿಂದ ಎರಡು ಹೆಜ್ಜೆ ದೂರ, ಬಾಲ್ಕನಿಯಲ್ಲಿ ಫೋನ್‌ನಲ್ಲಿ ಮಾತಾಡ್ತಾ ನಿಂತಿದ್ದ! ಕೇಳಿದ್ದಕ್ಕೆ ಏನಂದ ಗೊತ್ತಾ? 'ನಾನು ಬಂದಾಗ ಹಿಂದಿನವರಿಗೆ ನಾನೂ ಕೊಟ್ಟಿದ್ದೆ. ನೀವು ಮುಂದೆ ಬರುವವರಿಂದ ತಗೊಳ್ಳಿ.' ಅಂದ್ರೆ ಅವನಿಗೆ ಗೊತ್ತಿತ್ತು. ನಾನೂ ಇನ್ನೊಬ್ಬರ ತಲೆಗೆ ಕಟ್ಟಬೇಕಂತೆ!

ಆಮೇಲೆ ಮೆಸೇಜ್‌ಗಳು. ಮೊದಲನೆಯದು: 'ಗೆಕೌಫ್ಟ್ ವೀ ಗೆಜೇಯೆನ್.' ನೋಡಿದ ಹಾಗೇ ಕೊಂಡಿದ್ದೀರಿ ಅಂತ. ಅದು ಗೀರು, ಕಲೆ, ಕಣ್ಣಿಗೆ ಕಾಣುವ ಹಾಳುಗಳಿಗೆ ಹೇಳುವ ಮಾತು ಸ್ವಾಮಿ, ಬೇರೆಯವರ ಸಾಮಾನು ಮಾರೋದಕ್ಕಲ್ಲ. ಎರಡನೆಯದು: ಇದು ಖಾಸಗಿ ವ್ಯಾಪಾರ, ವಾಪಸ್ ಇಲ್ಲ. ಆಮೇಲೆ ನಾನು ಬರೆದ ಉದ್ದನೆಯ ಮೆಸೇಜಿಗೆ ಬರೀ ಹೆಬ್ಬೆರಳು. ಕೊನೆಗೆ ಒಂದು ದಿನ ಖಾತೆಗೆ 500 ಯೂರೋ ಬಂತು, ಜೊತೆಗೆ ಒಂದೇ ಪದ: 'ಕುಲಾಂಟ್ಸ್'. ತಪ್ಪು ಒಪ್ಪಿಕೊಳ್ಳದೆ ದೊಡ್ಡ ಮನಸ್ಸು ಮಾಡಿ ಕೊಡ್ತಿದ್ದೀನಿ ಅನ್ನೋ ಅರ್ಥ. ನನ್ನ ದುಡ್ಡು ನನಗೆ ಕೊಡೋಕೆ ಇವನ ದೊಡ್ಡ ಮನಸ್ಸು!

ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳಿದರು, 'ಏನಮ್ಮಾ, ಬಾಡಿಗೆ ಮನೇಲಿ ಅಡುಗೆಮನೆ ಮಾತ್ರ ಕೊಂಡ್ಕೊಂಡ್ಯಾ?' ಅಂತ. ಏನು ಹೇಳಲಿ.

ಮೀಟರ್‌ಫೆರೈನ್‌ಗೆ, ಅಂದ್ರೆ ಬಾಡಿಗೆದಾರರ ಸಂಘಕ್ಕೆ, ಸದಸ್ಯತ್ವ ಕಟ್ಟಿ ಹೋದೆ. ಅಲ್ಲಿ ಗೊತ್ತಾಗಿದ್ದು: ಅವನದ್ದೇ ಸಾಮಾನಾಗಿದ್ರೂ ಬಾಯಿಗೆ ಬಂದ ರೇಟು ಹೇಳುವಂತಿಲ್ಲ. ಆಬ್ಲೋಸೆ ಸಾಮಾನಿನ ನಿಜವಾದ ಬೆಲೆಗಿಂತ ವಿಪರೀತ ಜಾಸ್ತಿ ಇದ್ರೆ ಆ ಹೆಚ್ಚಿನ ದುಡ್ಡು ವಾಪಸ್ ಕೇಳಬಹುದು. ಸಾಮಾನ್ಯವಾಗಿ ಕೋರ್ಟುಗಳು ಶೇ. 50ಕ್ಕಿಂತ ಮೇಲೆ ಹೋದ್ರೆ ವಿಪರೀತ ಅಂತ ನೋಡುತ್ತವೆ. ನನ್ನದರಲ್ಲಿ ಸಾಮಾನೇ ಅವನದ್ದಲ್ಲ. ಹಾಗಾಗಿ ಅಡುಗೆಮನೆಯ ಪೂರ್ತಿ ದುಡ್ಡು ಕೇಳಬಹುದು ಅಂದರು.

ಆಬ್ಲೋಸೆ ಅಂದ ಕೂಡಲೇ ಓನರ್‌ಗೋ ಅವರ ಆಫೀಸಿಗೋ ಒಂದು ಸಾಲು ಮೇಲ್ ಹಾಕಿ: ಅಡುಗೆಮನೆ ನಿಮ್ಮದಾ, ಅವರದ್ದಾ? ಉತ್ತರ ಬರವಣಿಗೆಯಲ್ಲಿ ಬರಲಿ. ಕೊಂಡ ಬಿಲ್ ತೋರಿಸಿ ಅನ್ನಿ. ಬಾಡಿಗೆ ಕರಾರಿಗೆ ಸಹಿ ಆಗದೆ ಆಬ್ಲೋಸೆಗೆ ಒಂದು ಸೆಂಟ್ ಕೂಡ ಕೊಡಬೇಡಿ. ಡೆಪಾಸಿಟ್ ಮೂರು ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನೂ ಮೂರು ಕಂತಲ್ಲಿ ಕಟ್ಟಬಹುದು. ಇದನ್ನೂ ನನಗೆ ಯಾರೂ ಹೇಳಲಿಲ್ಲ, ಒಟ್ಟಿಗೇ ಕಟ್ಟಿಸಿಕೊಂಡರು. ಕಾಫಿ ಕೊಟ್ಟು 'ಪಾಸ್ಟ್ ಶೋ' ಅನ್ನೋರ ಹತ್ತಿರ 'ಯಾ ಅಥವಾ ನೈನ್', ಅಂದ್ರೆ ಹೌದಾ ಇಲ್ವಾ, ಅಂತ ಮುಖಕ್ಕೇ ಕೇಳಿ. ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ.

ಗಡುವು ಹಾಕಿ ರಿಜಿಸ್ಟರ್ಡ್ ಪತ್ರ ಕಳಿಸಿದೆ, ಉತ್ತರ ಇಲ್ಲ. ಈಗ ಕೋರ್ಟಿನ ಮೂಲಕ ಮಾನ್‌ಬೆಶೈಡ್, ಅಂದ್ರೆ ಬಾಕಿ ಕಟ್ಟು ಅನ್ನುವ ನೋಟಿಸ್, ಹೋಗಿದೆ. ತಕರಾರು ಹಾಕಲು ಅವನಿಗೆ ಎರಡು ವಾರ ಇದೆ. ಹಾಕಿದ್ರೆ ಕೇಸು ಮುಂದೆ ಹೋಗುತ್ತೆ, ನಾನೂ ಹೋಗ್ತೀನಿ. ಉಳಿದ 3,500 ಬರೋವರೆಗೂ ಬಿಡಲ್ಲ.