ಅಂಬಾಸಡರ್ ರಿಪೇರಿ ಕೈಪಿಡಿ ಕೊಳ್ಳುವವರೇ, ಮೊದಲು ವೈರಿಂಗ್ ಪುಟ ನೋಡಿ

ಹಳೆಯ ಅಂಬಾಸಡರ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ‘ಎಲ್ಲ ಅಂಬಾಸಡರ್ ಮಾದರಿಗಳಿಗೂ’ ಎಂದು ಜಾಹೀರಾತು ಹಾಕಿದ್ದ ಕೈಪಿಡಿಯೊಂದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಬಂದದ್ದು ಸ್ಪೈರಲ್ ಬೈಂಡಿಂಗಿನ ಜೆರಾಕ್ಸ್ ಪ್ರತಿ. ರಟ್ಟು ಮಾತ್ರ ಹೊಸದು, ಒಳಗಿದ್ದದ್ದು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಪುಟಗಳು.

ಅಂಬಾಸಡರ್ ಹುಟ್ಟಿದ್ದು ಆ ಕಾರಿನಿಂದಲೇ, ನಿಜ. ಆದರೆ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅದು 2014ರವರೆಗೂ ತಯಾರಾಯಿತು. ಅಷ್ಟರೊಳಗೆ ಎಂಜಿನ್ನೇ ಎಷ್ಟು ಸಲ ಬದಲಾಗಿತ್ತು! ಮೊದಲು ಸೈಡ್ ವಾಲ್ವ್, ಆಮೇಲೆ 1489 ಸಿಸಿಯ ಬಿ-ಸೀರೀಸ್, ಡೀಸೆಲ್, 90ರ ದಶಕದಲ್ಲಿ 1817 ಸಿಸಿಯ ಇಸುಜು. ಇಷ್ಟಕ್ಕೂ ಒಂದೇ ಪುಸ್ತಕ ಸಾಕೆಂದು ಮಾರುವುದು ಮೋಸವಲ್ಲದೆ ಮತ್ತೇನು?

ನನಗೆ ಪೆಟ್ಟು ಬಿದ್ದದ್ದು ವೈರಿಂಗಿನಲ್ಲಿ. ಆ ಮೋರಿಸ್‌ನಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಲೋಹದ ಮೈಗೆ ಕೂಡಿಸುತ್ತಿದ್ದರು. ನನ್ನದು ಮಾರ್ಕ್ 4. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಳವಡಿಸಿದ, ನೆಗೆಟಿವ್ ಅರ್ಥಿಂಗ್ ಇರುವ, ಅಂದರೆ ನೆಗೆಟಿವ್ ತುದಿಯನ್ನು ಲೋಹದ ಮೈಗೆ ಕೂಡಿಸಿದ ಕಾರು. ಹಳೆಯ ತಂತಿಗಳನ್ನೆಲ್ಲ ಕಿತ್ತು ಹೊಸದಾಗಿ ಎಳೆದ ಎಲೆಕ್ಟ್ರಿಷಿಯನ್, ಪುಸ್ತಕದ ಚಿತ್ರವನ್ನು ಬಾನೆಟ್ ಕೆಳಗೆ ಹರವಿಕೊಂಡು, ಅದರಲ್ಲಿದ್ದಂತೆಯೇ ಬ್ಯಾಟರಿಗೆ ಕನೆಕ್ಷನ್ ಕೊಟ್ಟರು. ಕ್ಲ್ಯಾಂಪ್ ತಾಗಿದ್ದೇ ತಡ, ಫಟ್ಟನೆ ಕಿಡಿ ಹಾರಿ ಸುಟ್ಟ ವಾಸನೆ ಬಂತು. ಆಲ್ಟರ್ನೇಟರ್ ಬಿಚ್ಚಿದರೆ ಒಳಗಿನ ಡಯೋಡ್‌ಗಳು ಹೋಗಿದ್ದವು. ಹಳೆಯ ಡೈನಮೋ ಆಗಿದ್ದರೆ ಮತ್ತೆ ಪೋಲರೈಸ್ ಮಾಡಿ, ಅಂದರೆ ಅದರ ಧ್ರುವಗಳನ್ನು ಸರಿಪಡಿಸಿ ಉಳಿಸಿಕೊಳ್ಳಬಹುದಿತ್ತು. ಡಯೋಡ್ ಸುಟ್ಟರೆ ಬದಲಿಸುವುದೊಂದೇ ದಾರಿ.

ಆಮೇಲೆ ಉಳಿದ ಪುಟಗಳನ್ನು ಕೂಲಂಕಷವಾಗಿ ನೋಡಿದೆ. ಸಿಲಿಂಡರ್ ಹೆಡ್ಡಿನ ನಟ್‌ಗಳನ್ನು ಯಾವ ಕ್ರಮದಲ್ಲಿ ಬಿಗಿಯಬೇಕೆಂಬ ಚಿತ್ರದಲ್ಲಿ ಅಂಕಿಗಳ ಜಾಗದಲ್ಲಿ ಬರೀ ಕಪ್ಪು ಮಸಿ. ಕೊನೆಯಲ್ಲಿ ಯಾರೋ ಹೊಸದಾಗಿ ಟೈಪ್ ಮಾಡಿ ಸೇರಿಸಿದ ಟಾರ್ಕ್ (ನಟ್ ಬಿಗಿಯುವ ತಿರುಚು ಬಲದ) ಕೋಷ್ಟಕ ಇನ್ನೂ ಅಪಾಯಕಾರಿ: ಪೌಂಡ್-ಅಡಿಯ ಅಂಕಿಗಳನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ನ್ಯೂಟನ್ ಮೀಟರ್ ಎಂದು ಬರೆದಿದ್ದಾರೆ. 40 ಪೌಂಡ್-ಅಡಿ ಎಂದರೆ ಸುಮಾರು 54 ನ್ಯೂಟನ್ ಮೀಟರ್. ಆ ಕೋಷ್ಟಕ ನಂಬಿ ಬಿಗಿದರೆ ಕಾಲು ಭಾಗದಷ್ಟು ಟಾರ್ಕ್ ಕಡಿಮೆ ಬಿದ್ದು, ಹೆಡ್ ಗ್ಯಾಸ್ಕೆಟ್ ಸೋರುವುದು ಖಂಡಿತ. ಅಲ್ಲಿಯವರೆಗೆ ಹೋಗಲಿಲ್ಲವೆಂಬುದಷ್ಟೇ ಸಮಾಧಾನ.

ಹಣ ವಾಪಸ್ ಕೇಳಿದ್ದಕ್ಕೆ ಮಾರಿದವರು, ‘ಮೋರಿಸ್, ಅಂಬಾಸಡರ್ ಎರಡೂ ಒಂದೇ ಸಾರ್’ ಎಂದು ಮಾತು ಮುಗಿಸಿದರು.

ಹಣ ಕೊಡುವ ಮುನ್ನ ನಿಮ್ಮ ಕಾರಿನ ಮಾರ್ಕ್ ಮತ್ತು ಎಂಜಿನ್ ಯಾವುದೆಂದು ತಿಳಿಸಿ, ವೈರಿಂಗ್ ಚಿತ್ರ ಮತ್ತು ಹೆಡ್ ಬಿಗಿಯುವ ಪುಟಗಳ ಫೋಟೊ ತರಿಸಿಕೊಳ್ಳಿ. ಚಿತ್ರದ ಅರ್ಥಿಂಗ್ ನಿಮ್ಮ ಕಾರಿನದಕ್ಕೆ ತಾಳೆಯಾಗಲೇಬೇಕು. ಅಂಬಾಸಡರ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟಾರ್ಸ್ ತಾನೇ ಹೊರತಂದ ಕೈಪಿಡಿ ಹಳೆಯದಾಗಿ ಸಿಕ್ಕರೂ ಬಿಡಬೇಡಿ, ಎಣ್ಣೆ ಮೆತ್ತಿದ್ದರೂ ಪರವಾಗಿಲ್ಲ. ಫೋಟೊ ಕಳಿಸಲು ಸತಾಯಿಸುವವರಿಂದ ಮಾತ್ರ ಏನನ್ನೂ ಕೊಳ್ಳಬೇಡಿ.